ಹಳ್ಳಿಯಿಂದ ಕಂಪ್ಯೂಟರಿನವರೆಗೆ ನಾಲ್ಕು ಹೊಸ್ತಿಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಒಮ್ಮೆ ಗಮನಿಸಿ. ಮಗನಿಗೆ ಅಂಕ ಕಡಿಮೆ ಬಂದಿದ್ದರೂ ಅವನನ್ನು ಎಲ್ಲಿ ಸೇರಿಸಬೇಕು ಎಂಬ ಚರ್ಚೆ ನಡೆಯುತ್ತದೆ. ಮಗಳಿಗೆ ಹೆಚ್ಚು ಅಂಕ ಬಂದಿದ್ದರೂ ಮುಂದೆ ಓದಿಸಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತದೆ. ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲಿ ಎಷ್ಟೋ ಹೆಣ್ಣುಮಕ್ಕಳ ಪ್ರತಿಭೆ ಸದ್ದಿಲ್ಲದೆ ಕಳೆದುಹೋಗುತ್ತದೆ.

ನಾನಿರುವುದು ಕುಂದಗೋಳ ತಾಲೂಕಿನ ಸಂಶಿಯಲ್ಲಿ. ಹುಬ್ಬಳ್ಳಿಯಿಂದ ದಾವಣಗೆರೆ ಕಡೆಗೆ ಹೋಗುವ ರೈಲುಮಾರ್ಗದ ಊರು ಇದು. ಸುತ್ತ ಯರಿ ಭೂಮಿ, ಹತ್ತಿ, ಹೆಸರು, ಮೆಣಸಿನಕಾಯಿ. ಮಕ್ಕಳಿಗೆ ಕಲಿಸುವವಳೆಂಬ ಕಾರಣಕ್ಕೆ ತಾಯಂದಿರು ನನ್ನನ್ನು ಕೇಳುವುದುಂಟು: “ಆಪಾ, ಕಂಪ್ಯೂಟರ್ ಕಲ್ತ್ರ ನೌಕ್ರಿ ಸಿಗ್ತೈತಿ ಅಂತಾರ. ಹಳ್ಳ್ಯಾಗಿನ ಹುಡುಗಿಗೆ ಅದು ತಲಿಗೆ ಹತ್ತತೈತೇನ್ರಿ?”

ಈ ಪ್ರಶ್ನೆಗೆ ಉಪದೇಶದ ಉತ್ತರ ಕೊಟ್ಟರೆ ಪ್ರಯೋಜನವಿಲ್ಲ. ನಮ್ಮ ಪಕ್ಕದ ತಾಲೂಕಿನಲ್ಲಿ ಹುಟ್ಟಿ, ಕಂಪ್ಯೂಟರ್ ವಿಜ್ಞಾನ ಓದಿ, ಆ ಕ್ಷೇತ್ರದಲ್ಲಿ ದೀರ್ಘಕಾಲ ದುಡಿದ ಒಬ್ಬ ಮಹಿಳೆಯ ಬದುಕನ್ನು ನಿಮ್ಮ ಮುಂದಿಡುತ್ತೇನೆ. ಅವರು ಸುಧಾ ಮೂರ್ತಿ. 1950ರ ಆಗಸ್ಟ್ 19ರಂದು ಶಿಗ್ಗಾಂವಿಯಲ್ಲಿ ಜನಿಸಿದರು. ಆಗ ಶಿಗ್ಗಾಂವಿ ಧಾರವಾಡ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಅವರ ಸಿರಿತನದ ಕಥೆ ನಿಮಗೆ ಗೊತ್ತಿರಬಹುದು. ಅದು ಇಲ್ಲಿ ಬೇಡ. ಆ ಹುಡುಗಿ ದಾಟಿದ ಹೊಸ್ತಿಲುಗಳನ್ನು ಮಾತ್ರ ನೋಡೋಣ. ಯಾಕೆಂದರೆ ಅವೇ ಹೊಸ್ತಿಲುಗಳು ಇಂದಿಗೂ ನಮ್ಮ ಹೆಣ್ಣುಮಕ್ಕಳ ಮುಂದಿವೆ.

ಮೊದಲ ಹೊಸ್ತಿಲು: ‘ತಲೆಗೆ ಹತ್ತುತ್ತದೆಯೇ?’

ಸುಧಾ ಅವರ ಬಾಲ್ಯದ ಒಂದು ಭಾಗ ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಅಜ್ಜ ಅಜ್ಜಿಯ ಜೊತೆ ಕಳೆಯಿತು. ಆಗ ‘ಕರ್ಮವೀರ’ ವಾರಪತ್ರಿಕೆಯಲ್ಲಿ ತ್ರಿವೇಣಿಯವರ ‘ಕಾಶೀಯಾತ್ರೆ’ ಕಾದಂಬರಿ ಧಾರಾವಾಹಿಯಾಗಿ ಬರುತ್ತಿತ್ತು. ಅಜ್ಜಿಗೆ ಅಕ್ಷರ ಬಾರದು. ಮೊಮ್ಮಗಳು ಓದಿ ಹೇಳಬೇಕು. ಒಮ್ಮೆ ಮೊಮ್ಮಗಳು ಮದುವೆಗೆಂದು ಊರಿಗೆ ಹೋಗಿದ್ದಾಗ ಪತ್ರಿಕೆ ಬಂತು. ಕೈಯಲ್ಲಿ ಹಿಡಿದರೂ ಓದಲಾಗದ ಆ ಅಸಹಾಯಕತೆ ಅಜ್ಜಿಯನ್ನು ಅಳಿಸಿತು. ಅರವತ್ತು ದಾಟಿದ ಆಕೆ ಕಲಿಯಲು ನಿರ್ಧರಿಸಿದರು. ಹನ್ನೆರಡರ ಮೊಮ್ಮಗಳೇ ಗುರು. ದಸರೆಯ ಹೊತ್ತಿಗೆ ಅಜ್ಜಿ ತಾವೇ ಓದತೊಡಗಿದ್ದರು. ಮುಂದೆ ಸುಧಾ ಅವರು ಈ ಘಟನೆಯನ್ನು ಕಥೆಯಾಗಿ ಬರೆದರು. ಅಕ್ಷರಕ್ಕೆ ಇಷ್ಟು ಬೆಲೆ ಇದ್ದ ಮನೆಯಿಂದ ಬಂದ ಹುಡುಗಿ ಆಕೆ. ಕಂಪ್ಯೂಟರ್ ಬಂದದ್ದು ಎಷ್ಟೋ ವರ್ಷಗಳ ನಂತರ.

ಇನ್ನು ‘ತಲೆಗೆ ಹತ್ತುವ’ ಮಾತು. ಕಂಪ್ಯೂಟರಿಗೆ ಸ್ವಂತ ಬುದ್ಧಿಯಿಂದ ಏನೂ ತಿಳಿಯುವುದಿಲ್ಲ. ಯಾವುದರ ನಂತರ ಯಾವುದನ್ನು ಮಾಡಬೇಕು ಎಂದು ನಾವು ಒಂದೊಂದೇ ಹೆಜ್ಜೆಯಾಗಿ ಬರೆದುಕೊಡಬೇಕು. ಜೋಳದ ರೊಟ್ಟಿ ಮಾಡುವುದನ್ನೇ ನೋಡಿ. ನೀರು ಕುದಿಯಬೇಕು, ಹಿಟ್ಟಿಗೆ ಹಾಕಬೇಕು, ನಾದಬೇಕು, ಬಡಿಯಬೇಕು, ಹಂಚಿಗೆ ಹಾಕಬೇಕು. ಕ್ರಮ ತಪ್ಪಿದರೆ ರೊಟ್ಟಿ ಹರಿಯುತ್ತದೆ. ‘ಒಂದು ಮಗ್ಗಲು ಬೆಂದಿದ್ದರೆ ತಿರುವಿ ಹಾಕು’ ಎಂಬುದು ಒಂದು ಷರತ್ತು. ‘ಹಿಟ್ಟು ಮುಗಿಯುವ ತನಕ ಹೀಗೇ ಮಾಡು’ ಎಂಬುದು ಪುನರಾವರ್ತನೆ. ಕ್ರಮ, ಷರತ್ತು, ಪುನರಾವರ್ತನೆ: ಪ್ರೋಗ್ರಾಮ್ ಬರೆಯುವವರು ಮೊದಲು ಕಲಿಯುವುದು ಈ ಮೂರನ್ನೇ.

ಇಂಥ ಹೆಜ್ಜೆಗಳ ಕ್ರಮಕ್ಕೆ ‘ಆಲ್ಗರಿದಮ್’ ಎನ್ನುತ್ತಾರೆ. ಆ ಪದ ಬಂದದ್ದು ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಮುಹಮ್ಮದ್ ಇಬ್ನ್ ಮೂಸಾ ಅಲ್ ಖವಾರಿಝ್ಮಿಯವರ ಹೆಸರಿನಿಂದ. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನದ ಬಗ್ಗೆ ಅವರು ಬರೆದ ಕೃತಿ ಲ್ಯಾಟಿನ್ ಭಾಷೆಗೆ ಹೋದಾಗ ಅವರ ಹೆಸರೇ ಆ ವಿಧಾನದ ಹೆಸರಾಯಿತು. ಈ ವಿದ್ಯೆ ನಮಗೆ ಪರಕೀಯ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

‘ಇಂಗ್ಲಿಷ್ ಬಾರದವರಿಗೆ ಕಂಪ್ಯೂಟರ್ ಎಲ್ಲಿಂದ?’ ಎಂಬುದು ಇನ್ನೊಂದು ಭಯ. ಮಂಗಳೂರಿನ ಬಳಿಯ ಕಿನ್ನಿಕಂಬಳ ಎಂಬ ಹಳ್ಳಿಯಲ್ಲಿ 1940ರಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರನ್ನು ಇಲ್ಲಿ ಸ್ಮರಿಸಬೇಕು. ನಾವಿಂದು ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಮಾಡುವುದು ಬಹುಮಟ್ಟಿಗೆ ಅವರು ರೂಪಿಸಿದ ಕೀಲಿಮಣೆಯ ಕ್ರಮದಲ್ಲಿ. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಎಣಿಸಿದರೆ ಸಾವಿರಾರು ರೂಪಗಳಾಗುತ್ತವೆ. ಒಂದೊಂದಕ್ಕೂ ಒಂದೊಂದು ಕೀಲಿ ಇಡುವುದು ಅಸಾಧ್ಯ. ರಾವ್ ಅವರು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಮೊದಲು ವ್ಯಂಜನ ಒತ್ತಿ, ನಂತರ ಸ್ವರ ಒತ್ತಿ. ಅಕ್ಷರವನ್ನು ಯಂತ್ರವೇ ಕೂಡಿಸಿಕೊಳ್ಳುತ್ತದೆ. ‘ಸಂಶಿ’ ಎಂದು ಬರೆಯಲು ನಾಲ್ಕೇ ಅಕ್ಷರ ಕೀಲಿ ಸಾಕು: ಸ, ಸೊನ್ನೆ, ಶ, ಇ.

ಮದ್ರಸದಲ್ಲಿ ಕಾಯಿದಾ ಓದಿದ ನಿಮಗೆ ಇದು ಹೊಸದೆನಿಸದು. ಅಲ್ಲಿಯೂ ಮೊದಲು ಅಕ್ಷರ, ನಂತರ ಅದಕ್ಕೆ ಜಬರ್, ಜೇರ್, ಪೇಶ್. ಬಾಲ್ಯದಲ್ಲಿ ನಾವು ಕೂಡಿಸಿ ಓದಿದ ರೀತಿಯೇ ಯಂತ್ರದೊಳಗೂ ಇದೆ. ರಾವ್ ಅವರು ಈ ವಿಧಾನವನ್ನು ತಮ್ಮ ಸ್ವತ್ತಾಗಿ ಇಟ್ಟುಕೊಳ್ಳಲಿಲ್ಲ, ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ರಾಜ್ಯ ಸರಕಾರ ಒಪ್ಪಿದ ಕನ್ನಡ ಕೀಲಿಮಣೆಗೂ ಅದೇ ಆಧಾರವಾಯಿತು. ಮುಂದೆ ಇಂಗ್ಲಿಷ್ ಬೇಕೇ ಬೇಕು, ನಿಜ. ಆದರೆ ಅದು ದಾರಿಯಲ್ಲಿ ಕಲಿಯಬಹುದಾದದ್ದು. ಅದು ಬರುವವರೆಗೂ ಹೊರಗೇ ನಿಲ್ಲಬೇಕಾಗಿಲ್ಲ.

ಎರಡನೆಯ ಹೊಸ್ತಿಲು: ಕಾಲೇಜು ಮತ್ತು ದಾರಿ

1968ರಲ್ಲಿ ಹದಿನೆಂಟೂ ತುಂಬದ ಸುಧಾ, ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿಗೆ ಸೇರಲು ಬಯಸಿದರು. ಮನೆಯಲ್ಲಿ ಗಾಬರಿ. ಎಂಜಿನಿಯರ್ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂಬ ಪ್ರಶ್ನೆ ಅಲ್ಲಿಯೂ ಬಂತು. ವೈದ್ಯರಾಗಿದ್ದ ತಂದೆ ಕೊನೆಗೆ ಒಪ್ಪಿದರು.

ಇಡೀ ಕಾಲೇಜಿಗೆ ಒಬ್ಬಳೇ ವಿದ್ಯಾರ್ಥಿನಿ. ಪ್ರಾಂಶುಪಾಲರು ಮೂರು ಷರತ್ತು ಹಾಕಿದರು: ಸೀರೆ ಉಟ್ಟು ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ಹುಡುಗಿಯರಿಗೆ ಶೌಚಾಲಯವೇ ಇರಲಿಲ್ಲ. ಕೀಟಲೆಗೆ ಕೊರತೆಯಿರಲಿಲ್ಲ. ಒಂದು ದಿನ ತರಗತಿ ತಪ್ಪಿದರೆ ನೋಟ್ಸ್ ಕೊಡುವವರಿಲ್ಲ. ಹಾಗಾಗಿ ಅವರು ತರಗತಿ ತಪ್ಪಿಸಲೇ ಇಲ್ಲ. ಪರೀಕ್ಷೆಯ ಫಲಿತಾಂಶ ಬಂದಾಗ ಮೊದಲ ಸ್ಥಾನ ಅವರದೇ ಆಗಿತ್ತು. ಮುಂದೆ ಇನ್ಫೋಸಿಸ್ ಪ್ರತಿಷ್ಠಾನದ ಮೂಲಕ ಸಾವಿರಾರು ಶೌಚಾಲಯ ಕಟ್ಟಿಸಲು ಈ ದಿನಗಳ ಕಷ್ಟವೂ ಒಂದು ಪ್ರೇರಣೆ ಎಂದು ಅವರು ಹೇಳಿದ್ದಾರೆ.

ಉಡುಪು ಷರತ್ತಾದಾಗ ಓದುವ ಹುಡುಗಿಯ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು 2022ರಲ್ಲಿ ಶಿರವಸ್ತ್ರದ ವಿಷಯದಲ್ಲಿ ನಮ್ಮ ರಾಜ್ಯದ ಎಷ್ಟೋ ಹೆಣ್ಣುಮಕ್ಕಳು ಅನುಭವಿಸಿದ್ದಾರೆ. ಆ ವರ್ಷ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಾಲಯಕ್ಕೆ ಅದರದೇ ಕಾಲ ಬೇಕು. ಆದರೆ ಹದಿನೇಳರ ಹುಡುಗಿ ಮನೆಯಲ್ಲಿ ಕಳೆದ ವರ್ಷ ಮರಳಿ ಬರುವುದಿಲ್ಲ. ಒಂದು ಕಾಲೇಜಿನ ಬಾಗಿಲು ಹೊಂದದಿದ್ದರೆ ಇನ್ನೊಂದನ್ನು ಹುಡುಕುವ ಹೊಣೆ ಹೆತ್ತವರದು.

ಷರತ್ತು ಹಾಕುವವರು ಕಾಲೇಜಿನವರು ಮಾತ್ರವೇ? ಮನೆಯಲ್ಲಿರುವ ಒಂದೇ ಮೊಬೈಲ್ ಅಣ್ಣನ ಕೈಯಲ್ಲಿ. ತಂಗಿ ಪಾಠ ಕೇಳಬೇಕಾದರೆ ಅವನು ಮಲಗುವವರೆಗೆ ಕಾಯಬೇಕು. ಸಂಜೆ ರೈಲು ತಡವಾದರೆ ಅಣ್ಣನಿಗೆ ಊಟ ತೆಗೆದಿಡುತ್ತೇವೆ, ತಂಗಿಗೆ ಮರುದಿನದ ಓದನ್ನೇ ನಿಲ್ಲಿಸುವ ಮಾತಾಡುತ್ತೇವೆ.

ದಾರಿಯ ಮಾತು ಬಂದಾಗ ನನಗೆ ನಮ್ಮೂರ ರೈಲು ನೆನಪಾಗುತ್ತದೆ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಇದೇ ಹಳಿಯ ಮೇಲೆ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಬಳಿ ಸಂಗೀತ ಕಲಿತರು. ಹೆಣ್ಣು ವಿದ್ಯೆಗಾಗಿ ರೈಲು ಹತ್ತುವುದು ನಮ್ಮ ಸೀಮೆಗೆ ಹೊಸತಲ್ಲ. ಬಸ್ಸಿನ ಖರ್ಚಿನ ನೆಪಕ್ಕೂ ಈಗ ಬಲವಿಲ್ಲ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಮಹಿಳೆಯರ ಪ್ರಯಾಣವನ್ನು ಉಚಿತಗೊಳಿಸಿತು. ಕಲಿಯುವ ಅವಕಾಶಗಳೂ ಹತ್ತಿರ ಬಂದಿವೆ. ಧಾರವಾಡದಲ್ಲಿ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಶುರುವಾದವು. ಸುಧಾ ಓದಿದ ಬಿ.ವಿ.ಬಿ. ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು.

ಮೂರನೆಯ ಹೊಸ್ತಿಲು: ಕೆಲಸ

ಬಿ.ಇ. ಮುಗಿಸಿದ ಸುಧಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿಗೆ ಸೇರಿದರು. ಆಗಿನ ಕಂಪ್ಯೂಟರಿಗೆ ದೊಡ್ಡ ಕೋಣೆಯೇ ಬೇಕಿತ್ತು. ರಟ್ಟಿನಂಥ ಕಾರ್ಡುಗಳಲ್ಲಿ ತೂತು ಕೊರೆದು ಪ್ರೋಗ್ರಾಮ್ ಬರೆಯಬೇಕಿತ್ತು. ಎಲ್ಲೋ ಒಂದು ತೂತು ತಪ್ಪಿದರೆ ಉತ್ತರವೂ ತಪ್ಪು, ಮತ್ತೆ ಮೊದಲಿನಿಂದ ಕೆಲಸ. ತಾಳ್ಮೆ ಇದ್ದವರಿಗೆ ಮಾತ್ರ ಒಲಿಯುವ ವಿದ್ಯೆ ಅದು.

1974ರಲ್ಲಿ ಸಂಸ್ಥೆಯ ಸೂಚನಾ ಫಲಕದಲ್ಲಿ ಪುಣೆಯ ಟೆಲ್ಕೋ ಕಂಪೆನಿಯ ಜಾಹೀರಾತು ಕಾಣಿಸಿತು. ಎಂಜಿನಿಯರುಗಳು ಬೇಕು, ಆದರೆ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದು ಅದರಲ್ಲಿತ್ತು. ಸುಧಾ ಒಂದು ಅಂಚೆ ಕಾರ್ಡ್ ಕೊಂಡು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು. ಇಷ್ಟು ದೊಡ್ಡ ಸಂಸ್ಥೆ ಹೆಣ್ಣು ಗಂಡು ಎಂದು ಭೇದ ಮಾಡುವುದು ಸರಿಯೇ ಎಂಬುದು ಅದರ ಸಾರ. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಹಾಗೆ ಅವರು ಟೆಲ್ಕೋದ ಮೊದಲ ಮಹಿಳಾ ಎಂಜಿನಿಯರ್ ಆದರು.

ಕಂಪ್ಯೂಟರ್ ಗಂಡಸರ ಕೆಲಸ ಎಂಬ ಭಾವನೆಗೆ ಇತಿಹಾಸದಲ್ಲೂ ಆಧಾರವಿಲ್ಲ. 1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಅದಕ್ಕೆ ಲೆಕ್ಕ ಕಲಿಸಿದವರು ಆರು ಮಂದಿ ಮಹಿಳೆಯರು. ಅವರಲ್ಲಿ ಕ್ಯಾಥ್ಲೀನ್ ಮೆಕ್‌ನಲ್ಟಿ 1921ರಲ್ಲಿ ಐರ್ಲೆಂಡಿನ ಕ್ರೀಸ್ಲೊ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಮೂರರ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದಾಗ ಆಕೆಗೆ ಐರಿಷ್ ಬಿಟ್ಟರೆ ಇಂಗ್ಲಿಷ್ ಬರುತ್ತಿರಲಿಲ್ಲ. ಯಂತ್ರದ ಸಮಾರಂಭದಲ್ಲಿ ಗಂಡಸರ ಹೆಸರು ಮೆರೆಯಿತು. ಆ ಆರು ಮಹಿಳೆಯರ ಹೆಸರು ಜನರಿಗೆ ತಿಳಿಯಲು ದಶಕಗಳೇ ಬೇಕಾದವು.

ನಾಲ್ಕನೆಯ ಹೊಸ್ತಿಲು: ಮದುವೆಯ ನಂತರ

ಎಷ್ಟೋ ಹೆಣ್ಣುಮಕ್ಕಳು ಮೂರು ಹೊಸ್ತಿಲು ದಾಟಿ ಇಲ್ಲಿ ನಿಂತುಬಿಡುತ್ತಾರೆ. ಸುಧಾ ಅವರ ಬದುಕಿನಲ್ಲಿ ಹೆಚ್ಚು ಚರ್ಚೆಯಾಗಬೇಕಾದ ಘಟ್ಟವೂ ಇದೇ.

1978ರ ಫೆಬ್ರವರಿಯಲ್ಲಿ ಅವರು ಎನ್.ಆರ್. ನಾರಾಯಣ ಮೂರ್ತಿಯವರನ್ನು ವರಿಸಿದರು. 1981ರಲ್ಲಿ ಪತಿ ಕಂಪೆನಿ ಕಟ್ಟಲು ಹೊರಟಾಗ ತಮ್ಮ ಉಳಿತಾಯದ ಹತ್ತು ಸಾವಿರ ರೂಪಾಯಿ ಕೊಟ್ಟರು. ಅದೇ ಇನ್ಫೋಸಿಸ್. ಮನೆಯ ಖರ್ಚು ತಮ್ಮ ಸಂಬಳದಲ್ಲಿ ನಡೆಸಿದರು. ವಾಲ್‌ಚಂದ್ ಸಮೂಹದಲ್ಲಿ ಸಿಸ್ಟಮ್ಸ್ ಅನಲಿಸ್ಟ್ ಆಗಿ ದುಡಿದರು. ಆದರೆ ಏಳು ಮಂದಿ ಸ್ಥಾಪಕರೂ ಗಂಡಸರು. ಕಂಪ್ಯೂಟರ್ ವಿಜ್ಞಾನದಲ್ಲಿ ಉನ್ನತ ಪದವಿ ಪಡೆದ ಸುಧಾ ಅವರಿಗೆ ಆ ಕಂಪೆನಿಯಲ್ಲಿ ಸ್ಥಾನವಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಸಂಸ್ಥೆಯಲ್ಲಿ ಇರಬಾರದು ಎಂಬುದು ಪತಿಯ ನಿಲುವಾಗಿತ್ತು. ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಬೇಕಾಯಿತು; ಸರಿದವರು ಹೆಂಡತಿ. ಈ ನಿಲುವು ತಪ್ಪಾಗಿತ್ತು ಎಂದು ನಾರಾಯಣ ಮೂರ್ತಿಯವರು ಬಹಿರಂಗವಾಗಿ ಹೇಳಿದ್ದು 2024ರಲ್ಲಿ. ಆ ಹೊತ್ತಿಗೆ ನಲವತ್ತು ವರ್ಷಗಳು ಉರುಳಿದ್ದವು.

ದೊಡ್ಡವರ ಮನೆಯಲ್ಲೇ ಹೀಗಾದರೆ ನಮ್ಮ ಮನೆಗಳ ಪಾಡೇನು? ಮದುವೆ ಗೊತ್ತಾಗುವಾಗ ‘ಓದಿದ ಹುಡುಗಿ ಬೇಕು’ ಎನ್ನುವವರು, ಮದುವೆಯಾದ ಮೇಲೆ ‘ಓದಿದ್ದು ಸಾಕು’ ಎನ್ನುತ್ತಾರೆ. ಹುಡುಗಿಯ ಸರ್ಟಿಫಿಕೇಟುಗಳು ತವರಿನ ಟ್ರಂಕಿನಲ್ಲಿ ಉಳಿದುಬಿಡುತ್ತವೆ.

ಸುಧಾ ಅವರು ಕಂಪ್ಯೂಟರ್ ವಿದ್ಯೆಯನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ವಿಜ್ಞಾನ ಬೋಧಿಸಿದರು. 1996ರಲ್ಲಿ ಆರಂಭವಾದ ಇನ್ಫೋಸಿಸ್ ಪ್ರತಿಷ್ಠಾನದಲ್ಲಿ 2021ರ ಡಿಸೆಂಬರ್ 31ರವರೆಗೆ ದುಡಿದರು. ಹೆಣ್ಣಿನ ದೀರ್ಘ ವೃತ್ತಿಜೀವನ ಹೆಚ್ಚಾಗಿ ಹೀಗೆಯೇ ಇರುತ್ತದೆ. ಕಾರ್ಖಾನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ, ಮನೆಯಿಂದ ತರಗತಿಗೆ. ನಡುವೆ ಬಿಡುವು ಬಂದರೆ ಬರಲಿ. ಮರಳುವ ದಾರಿಯನ್ನು ಮನೆಯವರು ಮುಚ್ಚದಿದ್ದರೆ ಸಾಕು.

ನಮ್ಮ ಮನೆಯ ಮಗಳಿಗೆ

‘ಅವರ ತಂದೆ ಡಾಕ್ಟರ್ ಆಗಿದ್ದರು, ನಾವು ಹಮಾಲಿ ಮಾಡುವವರು’ ಎಂದು ನೀವು ಹೇಳಬಹುದು. ಈ ಮಾತು ನ್ಯಾಯವಾದದ್ದೇ. ಓದಿದ ಕುಟುಂಬ, ವೈದ್ಯ ತಂದೆ, ಆ ಕಾಲದಲ್ಲಿ ಇವು ದೊಡ್ಡ ಬಲ. ಆ ಬಲ ಇಲ್ಲದವರಿಗೆ ಎಲ್ಲಿ ನೆರವು ಸಿಗುತ್ತದೆ ಎಂಬ ಮಾಹಿತಿಯಾದರೂ ಬೇಕು.

ಎಂಜಿನಿಯರಿಂಗ್ ಒಂದೇ ದಾರಿಯಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐಯಲ್ಲಿ ‘ಕೋಪಾ’ ಎಂಬ ಒಂದು ವರ್ಷದ ಕಂಪ್ಯೂಟರ್ ತರಬೇತಿ ಇದೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಕಂಪ್ಯೂಟರ್ ಡಿಪ್ಲೊಮಾ ಇದೆ. ಅದನ್ನು ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿಯಲ್ಲಿ ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನ ತೆಗೆದುಕೊಳ್ಳಬಹುದು. ವಾಣಿಜ್ಯ ವಿಭಾಗದಲ್ಲೂ ಕಂಪ್ಯೂಟರ್ ವಿಷಯ ಇರುವ ಕಾಲೇಜುಗಳಿವೆ. ಪಿಯುಸಿಯ ನಂತರ ಬಿಸಿಎ ಇದೆ. ಗಣಿತವನ್ನು ಮಾತ್ರ ಹೆದರಿ ಬಿಡಬೇಡಿ. ಬಿಟ್ಟರೆ ಮುಂದಿನ ಹಲವು ಬಾಗಿಲು ತಾನಾಗಿ ಮುಚ್ಚುತ್ತವೆ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ತಾಣದಲ್ಲಿ ಅರ್ಜಿ ಹಾಕಬೇಕು. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆ ಇದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲುಗಳನ್ನು ನಡೆಸುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶ ಬರುವ ಮೊದಲೇ ನಾಡಕಚೇರಿಯಿಂದ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನದ ಓಡಾಟದಲ್ಲಿ ಅರ್ಹತೆಯಿದ್ದೂ ನೆರವು ತಪ್ಪುತ್ತದೆ.

ಒಂದು ಎಚ್ಚರಿಕೆಯ ಮಾತು. ಮೂರು ತಿಂಗಳ ಟೈಪಿಂಗ್ ಕೋರ್ಸನ್ನೇ ‘ಕಂಪ್ಯೂಟರ್ ಕಲಿತಳು’ ಎಂದುಕೊಳ್ಳಬೇಡಿ. ಬೆರಳಚ್ಚು ಉಪಯುಕ್ತ, ಆದರೆ ಅದು ಬಾಗಿಲು ಮಾತ್ರ. ಸಂಶಿಯ ಹುಡುಗಿ ಇತರರು ಬರೆದುಕೊಟ್ಟದ್ದನ್ನು ಟೈಪ್ ಮಾಡುವುದರಲ್ಲೇ ನಿಲ್ಲಬೇಕೇ, ಅಥವಾ ಯಂತ್ರಕ್ಕೆ ಹೆಜ್ಜೆಗಳನ್ನು ಬರೆದುಕೊಡುವವಳಾಗಬೇಕೇ? ಇದರ ಉತ್ತರ ಆಕೆಯ ಬುದ್ಧಿಗಿಂತ ಹೆಚ್ಚಾಗಿ ನಾವು ಆಕೆಗೆ ಕೊಡುವ ವರ್ಷಗಳ ಮೇಲೆ ನಿಂತಿದೆ.

ಈಗ ಮಾಡಬೇಕಾದ ಕೆಲಸ ಸಣ್ಣದು. ಹತ್ತನೇ ತರಗತಿಯಲ್ಲಿ ಓದುವ ಮಗಳಿದ್ದರೆ, ಒಂದು ದಿನ ಬಿಡುವು ಮಾಡಿಕೊಂಡು ಅವಳ ಜೊತೆ ಕಾಲೇಜು ಮತ್ತು ಪಾಲಿಟೆಕ್ನಿಕ್ ನೋಡಿ ಬನ್ನಿ. ಪ್ರಯೋಗಾಲಯ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಹುಡುಗಿಯರ ಶೌಚಾಲಯ ಹೇಗಿದೆ, ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಹಾಸ್ಟೆಲಿನಲ್ಲಿ ಸ್ಥಳವಿದೆಯೇ ಎಂದು ನೀವೇ ವಿಚಾರಿಸಿ. ಅವಳ ಅಬ್ಬಾನನ್ನೂ ಕರೆದುಕೊಂಡು ಹೋಗಿ. ಕಣ್ಣಾರೆ ನೋಡಿದ ತಂದೆ ಊರವರ ಮಾತಿಗೆ ಸುಲಭವಾಗಿ ಹೆದರುವುದಿಲ್ಲ. ಇನ್‌ಶಾ ಅಲ್ಲಾಹ್, ಮೊದಲ ಹೊಸ್ತಿಲನ್ನು ಮಗಳು ನಿಮ್ಮ ಕೈ ಹಿಡಿದೇ ದಾಟುತ್ತಾಳೆ.